ಯಾವ ಸರ್?

"ಇದು ನಿಮ್ಮ ಯಜಮಾನರ ಸೀಟಿಯ ದಾರ ಅಲ್ವೇನಮ್ಮಾ?"

ಫಾದರ್ ಮೇಜಿನ ಮೇಲೆ ಬಿಳಿ ಕರವಸ್ತ್ರ ಬಿಡಿಸಿದರು. ಒಳಗೆ ಮೊಳದುದ್ದದ ಕಪ್ಪು ದಾರ ಇತ್ತು. ಒಂದು ತುದಿ ಹರಿದು ಎಳೆಎಳೆಯಾಗಿತ್ತು.

"ಎಲ್ಲಿ ಸಿಕ್ತು?"

"ಬ್ರದರ್ ಮುಷ್ಟಿಯಲ್ಲಿ. ಆಸ್ಪತ್ರೆ ನರ್ಸು ಬೆರಳು ಬಿಡಿಸಿ ತೆಗೆದರಂತೆ. ಈಗ ತಾನೇ ನನ್ನ ಕೈಗೆ ಬಂತು."

ನಿನ್ನೆ ಆಟದ ಪಿರಿಯಡ್ಡಿನಲ್ಲಿ, ಈ ಗಂಡುಹುಡುಗರ ಶಾಲೆಗೆ ಮೂವತ್ತು ವರ್ಷ ಹಾಡು ಕಲಿಸಿದ ಕ್ರೈಸ್ತ ಸನ್ಯಾಸಿ ಬ್ರದರ್, ಶಾಲೆಯ ಪುಟ್ಟ ಚರ್ಚಾದ ಚಾಪೆಲಿನ ಹಾಡುವ ಅಟ್ಟದ ಮೆಟ್ಟಿಲ ಬುಡದಲ್ಲಿ ಹಣೆಯೊಡೆದುಕೊಂಡು ಬಿದ್ದಿದ್ದರು. ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಪೊಲೀಸರಿಗೆ ಹೇಳುವ ಮೊದಲು ಶಾಲೆಯ ಮುಖ್ಯಸ್ಥರಾದ ಫಾದರ್ ನನ್ನನ್ನು ಕರೆಸಿದ್ದರು. ನಾನು ಒಂದು ಕಾಲಕ್ಕೆ ಖಾಕಿ ತೊಟ್ಟವಳು. ಈಗ ಸ್ವಂತ ಪತ್ತೇದಾರಿ ಕಚೇರಿ, ಅಂದರೆ ಎರಡು ಕುರ್ಚಿ, ಒಂದು ಫೋನು, ವಿಮೆಯ ಆಸೆಗೆ ತಮ್ಮ ಕಾರನ್ನು ತಾವೇ ಕದ್ದುಕೊಳ್ಳುವ ಮಹನೀಯರ ವಿಚಾರಣೆ. ಫಾದರಿಗೆ ನನ್ನ ಗುರುತು ಸಿಕ್ಕಿದ್ದು ಬೇರೆ ದಾರಿಯಿಂದ. ಈ ಶಾಲೆಯ ಪಿ.ಟಿ. ಮೇಷ್ಟ್ರು ನನ್ನ ಗಂಡ.

"ನಿನ್ನೆ ನಿಮಗೆ ಹೇಳಿಕಳಿಸಿದಾಗ ಈ ದಾರವೂ ಇರಲಿಲ್ಲ, ಹುಡುಗನ ಮಾತೂ ಇರಲಿಲ್ಲ," ಎಂದು ಫಾದರ್ ಕನ್ನಡಕ ತೆಗೆದು ಒರೆಸಿದರು. "ಕೈಬಿಡ್ತೀನಿ ಅಂದ್ರೂ ನನಗೆ ಬೇಜಾರಿಲ್ಲ."

"ಬಿಡಲ್ಲ. ಯಾವ ಹುಡುಗ?"

"ಒಂಬತ್ತನೇ ಕ್ಲಾಸಿನವನು. ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಎಲ್ಲರೂ ಗೋಲಿ ಅಂತಾರೆ. ನಿನ್ನೆ ಚೆಂಡು ಚಾಪೆಲ್ ಪಕ್ಕಕ್ಕೆ ಹೋಗಿತ್ತು, ತರೋಕೆ ಹೋಗಿದ್ದನಂತೆ. 'ಸರ್ ಅಟ್ಟದಿಂದ ಗಡಬಡ ಇಳಿದು ಬಂದ್ರು, ಕೈಯಲ್ಲಿ ಸೀಟಿ ಇತ್ತು' ಅಂದ. ಫುಟ್‌ಬಾಲ್ ಹುಡುಗರಿಗೆ ಬರೀ ಸರ್ ಅಂದ್ರೆ ನಿಮ್ಮ ಯಜಮಾನರೇ."

"ಮತ್ತೇನಂದ?"

"ಮತ್ತೇನೂ ಕೇಳಲಿಲ್ಲ. ಮಕ್ಕಳನ್ನ ಒಂದೇ ಸಲ ಕೇಳಬೇಕಮ್ಮಾ. ಎರಡನೇ ಸಲ ಕೇಳಿದ್ರೆ ನಮಗೆ ಬೇಕಾದ್ದನ್ನ ಹೇಳ್ತಾರೆ. ಇಷ್ಟು ವರ್ಷ ಪಾಪನಿವೇದನೆ ಕೇಳಿ ನಾನು ಕಲಿತಿದ್ದು ಇದೊಂದೇ."

ಕನ್ನಡಕ ಮತ್ತೆ ಮೂಗಿಗೇರಿತು. "ಇವತ್ತು ಶಾಲೆ ಬಿಡೋ ಗಂಟೆ ಹೊಡೆದ ಮೇಲೆ ನಾನು ಪೊಲೀಸರಿಗೆ ಫೋನ್ ಮಾಡಲೇಬೇಕು."

ಗಂಡನ ಮೇಲೆ ಕೊಲೆಯತ್ನದ ಆರೋಪ ಬರುವ ಹಾಗಿದೆ ಎಂದರೆ ಬೇರೆ ಹೆಂಡತಿಯರಿಗೆ ಎದೆ ಧಸಕ್ಕೆನ್ನುತ್ತದೆ. ನನ್ನ ತಲೆಗೆ ಮೊದಲು ಬಂದದ್ದು ಬೇರೆ. ಚಾಪೆಲಿನ ಅಟ್ಟದಲ್ಲಿ ಈ ಮನುಷ್ಯನಿಗೇನು ಕೆಲಸ? ದಿನಬೆಳಗಾದರೆ ಆ ಅಟ್ಟದಲ್ಲಿ ಇರುವುದು ಯಾರು?

ಹಾಡಿನ ಟೀಚರ್. ಬ್ರದರಿಗೆ ವಯಸ್ಸಾಯಿತೆಂದು ಈ ವರ್ಷ ತೆಗೆದುಕೊಂಡವಳು. ಇಡೀ ಶಾಲೆಗೆ ಒಬ್ಬಳೇ ಹೆಂಗಸು. ಅವಳು ಬಂದಮೇಲೆ ನಮ್ಮ ಮನೆಯ ಬಚ್ಚಲಿನಲ್ಲಿ ಗುನುಗು ಶುರುವಾಗಿತ್ತು. ಮದುವೆಯಾದಾಗಿನಿಂದ ಬಚ್ಚಲಿನಲ್ಲಿ ಕೆಮ್ಮುವುದನ್ನು ಬಿಟ್ಟು ಬೇರೆ ಸದ್ದು ಮಾಡದ ಗಂಡ, ಸೋಪು ಹಚ್ಚುತ್ತ ಗುನುಗಿದರೆ ಯಾವ ಹೆಂಡತಿಗೆ ನಿದ್ದೆ ಬರುತ್ತದೆ?

ದಾರವನ್ನು ಕರವಸ್ತ್ರದ ಸಮೇತ ಚೀಲಕ್ಕೆ ಹಾಕಿಕೊಂಡು ಎದ್ದೆ.

ಆಟದ ಸಾಮಾನಿನ ಕೋಣೆಯಲ್ಲಿ ನಮ್ಮವರು ಚೆಂಡಿಗೆ ಗಾಳಿ ತುಂಬುತ್ತಿದ್ದರು. ರಬ್ಬರು, ಬೆವರು, ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿ, ಮೂರೂ ಬೆರೆತ ವಾಸನೆ. ಇದೇ ವಾಸನೆ ದಿನಾ ಸಂಜೆ ನಮ್ಮ ಮನೆಗೂ ಬರುತ್ತದೆ.

"ಬಂದ್ಯಾ? ಊಟ ಆಯ್ತೇನೇ?"

"ಊಟ ಹಾಳಾಗ್ಲಿ. ನಿನ್ನೆ ಆಟದ ಪಿರಿಯಡ್ಡಲ್ಲಿ ಮೈದಾನ ಬಿಟ್ಟು ಎಲ್ಲಿಗೆ ಹೋಗಿದ್ರಿ?"

"ನೀರು ಕುಡಿಯೋಕೆ."

"ಮೈದಾನದಲ್ಲೇ ನಲ್ಲಿ ಇದೆಯಲ್ಲ."

"ತಣ್ಣಗಿರೋದು ಬೇಕಿತ್ತು."

ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬೇಡದ ನೆಂಟರ ಫೋನು ಬಂದಾಗ ನಾನು ದೂರದಿಂದಲೇ ಇಲ್ಲ ಎನ್ನಿ ಎಂದು ಕೈಯಾಡಿಸಿದರೆ, "ಇಲ್ಲ ಅಂತ ಹೇಳು ಅಂತಿದ್ದಾಳೆ" ಎಂದು ಅವರಿಗೇ ಹೇಳಿಬಿಡುವ ಜಾತಿ. ಈಗಲೂ ಕಿವಿ ಕೆಂಪಗಾಗಿತ್ತು. ಪಂಪನ್ನು ಒತ್ತಿದ್ದೇ ಒತ್ತಿದ್ದು, ಚೆಂಡು ಒಡೆಯುವ ಹಾಗಿತ್ತು.

"ನಿಮ್ಮ ಸೀಟಿ ತೋರಿಸಿ."

"ಯಾಕೆ?"

"ತೋರಿಸಿ ಅಂದೆ."

ಅಂಗಿಯೊಳಗಿಂದ ತೆಗೆದರು. ಸೀಟಿ ತೂಗುತ್ತಿದ್ದದ್ದು ಹಳೆಯ ಬೂಟಿನ ಲೇಸಿನಲ್ಲಿ. ಒಮ್ಮೆ ಬೆಳ್ಳಗಿದ್ದದ್ದು ಬೆವರು ಕುಡಿದು ಕಂದಾಗಿತ್ತು. ಕುತ್ತಿಗೆಯ ಹಿಂದೆ ಅವರೇ ಹಾಕಿದ ದಪ್ಪ ಗಂಟು. ಎಲ್ಲೂ ಹರಿದಿರಲಿಲ್ಲ. ನನ್ನ ಚೀಲದಲ್ಲಿದ್ದದ್ದು ಕಪ್ಪು, ತೆಳುವು, ದುಂಡನೆಯದು, ಕನ್ನಡಕಕ್ಕೆ ಕಟ್ಟಿಕೊಳ್ಳುವಂಥದ್ದು.

ಉಸಿರು ನಿರಾಳವಾಯಿತು. ಆದರೆ ದಾರದ ವಿಷಯ ಬಾಯಿ ಬಿಡಲಿಲ್ಲ. ಕೈಯಲ್ಲಿರುವ ಇಸ್ಪೀಟೆಲೆಯನ್ನು ಕೊನೆಗೆ ಹಾಕಬೇಕು ಎನ್ನುವುದು ಖಾಕಿಯಲ್ಲಿದ್ದಾಗ ಕಲಿತ ಪಾಠ.

"ಬ್ರದರನ್ನ ತಳ್ಳಿದ್ದು ನೀವಾ?"

"ಥೂ! ಏನು ಮಾತೇ ಇದು? ಅವರನ್ನ ಕಂಡ್ರೆ ನಾನು ಈಗಲೂ ಎದ್ದು ನಿಲ್ತೀನಿ."

"ಹಾಗಾದ್ರೆ ಎಲ್ಲಿಗೆ ಹೋಗಿದ್ರಿ ಹೇಳಿ. ಸಂಜೆಯೊಳಗೆ ಪೊಲೀಸರು ಬರ್ತಾರೆ ಕಣ್ರೀ. ಅವರು ನನ್ನ ಹಾಗೆ ಊಟದ ಹೊತ್ತು ನೋಡ್ಕೊಂಡು ಕೇಳಲ್ಲ."

ಪಂಪು ನಿಂತಿತು. ನಮ್ಮವರು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೇಳಿದ್ರೆ ನೀನು ನಗ್ತೀಯ."

"ನಾನೀಗ ನಗೋ ಹಾಗೆ ಕಾಣ್ತಿದ್ದೀನಾ?"

"ಇಲ್ಲ," ಎಂದು ಒಪ್ಪಿಕೊಂಡರು. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಮೈದಾನಕ್ಕೆ ನಡೆದೇಬಿಟ್ಟರು.

ಉರಿಯುತ್ತಿದ್ದ ಹೊಟ್ಟೆ ಹೊತ್ತುಕೊಂಡು ಮೊಗಸಾಲೆಯಲ್ಲಿ ಬಿರಬಿರನೆ ನಡೆದೆ. ಒಂದು ಕ್ಲಾಸಿನ ಬಾಗಿಲು ತೆರೆದಿತ್ತು, ಮೇಷ್ಟ್ರು ಇನ್ನೂ ಬಂದಿರಲಿಲ್ಲ. ನನ್ನ ನೆರಳು ಹೊಸ್ತಿಲಿಗೆ ಬಿದ್ದದ್ದೇ ತಡ, ಇಡೀ ಕ್ಲಾಸು ದಡಕ್ಕನೆ ಎದ್ದು ನಿಂತಿತು.

"ಗುಡ್ ಆಫ್ಟರ್‌ನೂನ್ ಸರ್ರ್ರ್!"

ಹಿಂತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಸರ್ ಅಂದರೆ ನಾನೇ.

ಮುಂದಿನ ಬೆಂಚಿನವನೊಬ್ಬ ನಾಲಿಗೆ ಕಚ್ಚಿಕೊಂಡ. "ಸಾರಿ ಸರ್. ಅಲ್ಲ, ಸಾರಿ ಮೇಡಂ ಸರ್."

ಅಷ್ಟರಲ್ಲಿ ಬಂದ ಗಣಿತದ ಮೇಷ್ಟ್ರು ನಗುತ್ತ ಕೈಮುಗಿದರು. "ತಪ್ಪು ತಿಳ್ಕೋಬೇಡಿ ಮೇಡಂ. ಚಿಕ್ಕಂದಿನಿಂದ ಇವರ ಬಾಯಿಗೆ ಅದೊಂದೇ ಕೂತಿರೋದು. ಮಗನ ಮಾರ್ಕು ಕೇಳೋಕೆ ಬಂದ ತಾಯಂದಿರಿಗೂ ಸರ್ರೇ. ಒಬ್ಬನಂತೂ ಮನೆಗೆ ಹೋಗಿ ಸ್ವಂತ ಅಜ್ಜಿಗೆ ಸರ್ ಅಂದು ತಲೆ ಮೇಲೆ ಮೊಟಕಿಸ್ಕೊಂಡ."

ನಕ್ಕು ಮುಂದೆ ಹೋದೆ. ಕುಡಿಯುವ ನೀರಿನ ನಲ್ಲಿ ದಾಟಿದೆ. ಸೂಚನಾ ಫಲಕ ದಾಟಿದೆ. ಆಮೇಲೆ ಕಾಲು ತಾನಾಗಿಯೇ ನಿಂತಿತು.

'ಸರ್ ಇಳಿದು ಬಂದ್ರು.'

ಬಂದ್ರು! ಬಂದ ಎಂದಿದ್ದರೆ ಗಂಡಸು, ಬಂದಳು ಎಂದಿದ್ದರೆ ಹೆಂಗಸು. ಬಂದ್ರು ಎಂದರೆ ದೊಡ್ಡವರು, ಅಷ್ಟೇ. ಮರ್ಯಾದೆ ಕೊಡುವ ಭರದಲ್ಲಿ ನಮ್ಮ ಮಾತು ಗಂಡೋ ಹೆಣ್ಣೋ ಹೇಳುವುದನ್ನೇ ಬಿಟ್ಟುಬಿಡುತ್ತದೆ. ಸರ್ ಎಂಬ ಶಬ್ದವಾದರೂ ಹೇಳೀತು ಎಂದರೆ, ಈ ಶಾಲೆಯಲ್ಲಿ ಅಜ್ಜಿಯೂ ಸರ್. ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗೆ ಫಾದರ್ ಒಂದೇ ಸಲ ಕೇಳಿ ಸುಮ್ಮನಾಗಿದ್ದರು, ನಾನೂ ತಲೆಯಾಡಿಸಿ ಎದ್ದು ಬಂದಿದ್ದೆ.

ಗೋಲಿ ಮೈದಾನದ ಅಂಚಿನ ಕಲ್ಲಿನ ಮೇಲೆ ಕೂತು ಬೂಟು ಕಟ್ಟುತ್ತಿದ್ದ. ಉದ್ದ ಕೈಯ, ಗಾಬರಿಗಣ್ಣಿನ ಹುಡುಗ. ನನ್ನನ್ನು ಕಂಡು ಒಂದೇ ಬೂಟಿನಲ್ಲಿ ಎದ್ದು ನಿಂತ.

"ಕೂತ್ಕೋಪ್ಪಾ. ನಿನ್ನೆ ಚಾಪೆಲ್ ಹತ್ರ ಯಾವ ಸರ್ ನೋಡಿದೆ?"

"ಹಾಡಿನ ಸರ್, ಸರ್."

ಹುಡುಗನನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು.

"ಸೀಟಿ ಇತ್ತು ಅಂದ್ಯಂತೆ?"

"ಅದೇ ಸರ್, ಹಾಡೋಕ್ ಮುಂಚೆ ಪೀ ಅಂತ ಊದಿ ಸ್ವರ ಕೊಡ್ತಾರಲ್ಲ, ಕುತ್ತಿಗೆಗೆ ಹಾಕ್ಕೊಳ್ಳೋ ದುಂಡಗಿರೋ ಸೀಟಿ. ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ರು. ಅಳ್ತಾ ಇದ್ರು ಸರ್."

"ಫಾದರಿಗೆ ಇದನ್ನ ಯಾಕೆ ಹೇಳಲಿಲ್ಲ?"

"ಫಾದರ್ ಕೇಳ್ಲಿಲ್ಲ ಸರ್."

"ಪಿ.ಟಿ. ಸರ್ ಅಲ್ಲಿ ಕಂಡ್ರಾ?"

"ಇಲ್ಲ ಸರ್."

ಹೇಳಿಯೇಬಿಡುತ್ತೇನೆ. ಗಂಡ ಉಳಿದ ಎನ್ನುವ ಸಂತೋಷಕ್ಕಿಂತ ಅವಳು ಸಿಕ್ಕಿಬಿದ್ದಳು ಎನ್ನುವ ಸಂತೋಷ ನನಗೆ ಒಂದು ಹಿಡಿ ಜಾಸ್ತಿಯೇ ಆಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ನನಗೂ ಗೊತ್ತು. ಆದರೆ ಲೋಕದಲ್ಲಿ ಕೆಲವು ವಸ್ತುಗಳು ನಿಜವಾಗಿಯೂ ಹಳದಿಯಾಗಿಯೇ ಇರುತ್ತವಲ್ಲ!

ಅಟ್ಟದ ಮೆಟ್ಟಿಲು ಒಬ್ಬರು ಹತ್ತುವಷ್ಟೇ ಅಗಲ. ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಬೇಕು. ಬುಡದ ಕಲ್ಲುನೆಲವನ್ನು ತೊಳೆದಿದ್ದರು, ಆದರೂ ಒಂದು ಕಡೆ ಬಣ್ಣ ಬೇರೆಯಾಗಿತ್ತು. ಅದನ್ನು ದಾಟಿ ಹತ್ತಿದೆ.

ಮೇಲೆ ಮೂರು ಸಾಲು ಬೆಂಚು, ಗೋಡೆಗೆ ಒತ್ತಿ ಕಾಲಿನಲ್ಲಿ ತುಳಿದು ನುಡಿಸುವ ಹಳೆಯ ಆರ್ಗನ್, ಮೈದಾನದ ಕಡೆಗೆ ಒಂದು ದುಂಡು ಕಿಟಕಿ. ಹಾಡಿನ ಟೀಚರ್ ಆರ್ಗನ್ನಿನ ಕಪ್ಪು ಬಿಳುಪು ಮನೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಚೆಂದ ಇದ್ದಿದ್ದರೆ ನನಗೆ ಅರ್ಥವಾಗುತ್ತಿತ್ತು, ಹೋಗಲಿ ಎನ್ನಬಹುದಿತ್ತು. ಸಾಧಾರಣ ಮುಖ, ಹುಬ್ಬಿನ ಮೇಲೆ ಸೀಮೆಸುಣ್ಣದ ಪುಡಿ, ಅತ್ತು ಊದಿದ ಕಣ್ಣು. ಬಾಯಿ ತೆರೆದಾಗ ಮಾತ್ರ ಕಷ್ಟ. ಅವಳ ದನಿ ಕೇಳಿದರೆ ಕೋಪ ಬಂದವರಿಗೂ ಒಂದು ನಿಮಿಷ ಕೂತು ಹೋಗೋಣ ಅನ್ನಿಸುತ್ತದೆ.

"ಬನ್ನಿ ಅಕ್ಕ."

ಅಕ್ಕ ಎಂದು ತಂಗಿಯೂ ಕರೆಯುತ್ತಾಳೆ, ಸವತಿಯೂ ಕರೆಯುತ್ತಾಳೆ. ನಾನು ಕೂರಲಿಲ್ಲ.

"ನಿಮ್ಮ ಸೀಟಿ ಎಲ್ಲಿ?"

"ಸೀಟಿನಾ?"

"ಸ್ವರ ಕೊಡೋ ಸೀಟಿ. ಕುತ್ತಿಗೆಗೆ ಹಾಕ್ಕೊಳ್ತೀರಂತಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಕುತ್ತಿಗೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಒಂದು ಕೆಂಪು ಗೀರು ಮಾತ್ರ ಇತ್ತು. ಕೊನೆಗೆ ಕೈಚೀಲದಿಂದ ಅಂಗೈಯಗಲದ ದುಂಡನೆಯ ಸೀಟಿಯನ್ನು ತೆಗೆದಳು. ಅದರ ಬಳೆಯಲ್ಲಿ ಕಪ್ಪು ದಾರದ ಗಂಟು, ಗಂಟಿನಿಂದ ಬೆರಳುದ್ದದ ತುಂಡು.

ನನ್ನ ದಾರ ತೆಗೆದು ಪಕ್ಕಕ್ಕಿಟ್ಟೆ. ಹರಿದ ತುದಿಗೆ ಹರಿದ ತುದಿ ಕೂಡಿತು.

"ಕಿತ್ತುಹೋಯ್ತೋ, ಯಾರಾದ್ರೂ ಕಿತ್ತರೋ?"

ಅವಳು ಬೆಂಚಿನ ಮೇಲೆ ಕುಸಿದಳು. "ಬ್ರದರ್ ಕಿತ್ತರು."

"ಯಾಕೆ?"

"ಅವರು ದಿನಾ ಬಂದು ಆ ಕೊನೇ ಬೆಂಚಲ್ಲಿ ಕೂರ್ತಿದ್ರು ಅಕ್ಕ. ಮಾತಿಲ್ಲ, ಕತೆಯಿಲ್ಲ. ಮೂವತ್ತು ವರ್ಷ ಹುಡುಗರು ಅವರ ಬಾಯಿಂದಲೇ ಸ್ವರ ಹಿಡ್ಕೊಂಡಿದ್ರಲ್ಲ, ಈಗ ನನ್ನ ಸೀಟಿ ಕಡೆ ನೋಡ್ತಾರೆ. ನಿನ್ನೆ ಹುಡುಗರು ಹೋದ ಮೇಲೆ ಎದ್ದು ಬಂದ್ರು. 'ಈ ತಗಡು ಇಲ್ದೆ ಹಾಡಿಸೋಕೆ ಬರಲ್ವಾ ನಿಂಗೆ, ಕೊಡು ಇಲ್ಲಿ' ಅಂತ ಕುತ್ತಿಗೆಗೇ ಕೈ ಹಾಕಿದ್ರು."

"ನೀವು ತಳ್ಳಿದ್ರಿ."

"ಬಿಡಿಸ್ಕೊಂಡೆ."

"ವಯಸ್ಸಾದವರು. ಬಿಡಿಸ್ಕೊಂಡ್ರೂ ಬೀಳ್ತಾರೆ."

"ಬೀಳ್ಲಿಲ್ಲ ಅಕ್ಕ! ದಾರ ಕಿತ್ತುಬಂದಾಗ ಅವರು ಇಲ್ಲೇ, ಈ ಬೆಂಚು ಹಿಡ್ಕೊಂಡು ನಿಂತಿದ್ರು. ನಾನು ಅಳ್ತಾ ಕೆಳಗೆ ಓಡಿದೆ."

"ಬಿದ್ದ ಸದ್ದು ಕೇಳಿಸ್ಲಿಲ್ವಾ?"

ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಕೇಳಿಸ್ತು. ಹೊರಗೆ ಬಂದುಬಿಟ್ಟಿದ್ದೆ. ಕೋಪದಲ್ಲಿ ಬೆಂಚು ಬೀಳಿಸಿದ್ರು ಅಂದ್ಕೊಂಡೆ. ದೇವರಾಣೆ, ತಿರುಗಿ ನೋಡಬೇಕಿತ್ತು, ನೋಡಲಿಲ್ಲ."

ಪತ್ತೇದಾರಳಾಗಿ ಅವಳ ಮುಖ ನೋಡಬೇಕಾಗಿದ್ದ ಆ ಹೊತ್ತಿನಲ್ಲಿ ನಾನು ಕೊನೆಯ ಬೆಂಚನ್ನು ನೋಡುತ್ತಿದ್ದೆ. ದಿನಾ ಬಂದು ಅಲ್ಲಿ ಕೂತು, ತನ್ನದಾಗಿದ್ದದ್ದು ಇನ್ನೊಬ್ಬರ ಕುತ್ತಿಗೆಯಲ್ಲಿ ತೂಗುವುದನ್ನು ಕಣ್ಣಾರೆ ಕಂಡ ಆ ಮುದುಕರ ಮೇಲೆ ನನಗೆ ಇದ್ದಕ್ಕಿದ್ದ ಹಾಗೆ ಮಮತೆ ಉಕ್ಕಿತು. ನಾವಿಬ್ಬರೂ ಒಂದೇ ಕಾಯಿಲೆಯವರು.

"ನನ್ನ ಗಂಡ ಇಲ್ಲಿಗೆ ಯಾಕೆ ಬರ್ತಾರೆ?"

ಪ್ರಕರಣಕ್ಕೆ ಬೇಕಾದ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡೆ.

"ಹಾಡೋಕೆ."

"ಏನು?"

"ಹಾಡೋಕೆ ಅಕ್ಕ. ಅವರ ದನಿ ನೀವು ಕೇಳಿಲ್ವಾ? ಅಷ್ಟು ತಗ್ಗಿನ ದನಿ ನಾನು ಇನ್ಯಾರಲ್ಲೂ ಕೇಳಿಲ್ಲ. ಈ ಬೆಂಚಿನ ಹಲಗೆ ಅದುರುತ್ತೆ. ಆಟದ ಪಿರಿಯಡ್ಡಲ್ಲಿ ಹುಡುಗರಿಗೆ ಚೆಂಡು ಕೊಟ್ಟು ಸ್ವಲ್ಪ ಹೊತ್ತು ಬರ್ತಾರೆ."

"ಮನೆಯಲ್ಲಿ ಹಾಡಬಹುದಲ್ಲ?"

ಟೀಚರ್ ತಲೆ ತಗ್ಗಿಸಿದಳು. "ಮನೇಲಿ ಹಾಡಿದ್ರೆ ನೀವು ನಗ್ತೀರಂತೆ."

"ಅಷ್ಟೇನಾ?"

"ಅಷ್ಟೇ ಅಕ್ಕ."

ನಂಬಿದೆ. ಅವಳು ಹೇಳಿದ್ದನ್ನು ಅಕ್ಷರಕ್ಷರವೂ ನಂಬಿದೆ, ಅದಕ್ಕೇ ಹೊಟ್ಟೆಯೊಳಗಿನ ಕೆಂಡ ಇನ್ನೂ ನಿಗಿನಿಗಿ ಆಯಿತು. ಕೈ ಹಿಡಿದಿದ್ದರೆ, ಕಣ್ಣಿಗೆ ಕಣ್ಣು ಕೂಡಿದ್ದರೆ, ಮನೆಯಲ್ಲಿ ಪಾತ್ರೆ ಎಸೆದು ರಂಪ ಮಾಡಬಹುದಿತ್ತು. ಗಂಡ ಬೇರೆಯವಳ ಎದುರು ಹಾಡಿದ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡರೂ ನನಗೆ ಕೇಳಿಸದ ದನಿ, ಈ ಹಲಗೆಗಳಿಗೆ ಗೊತ್ತಿತ್ತು.

"ನಿನ್ನೆಯೂ ಬರೋರಿದ್ರು," ಎಂದಳು ಮೆಲ್ಲಗೆ. "ಬ್ರದರ್ ಹಾಗೆ ಮಾಡಿದ್ದಕ್ಕೆ ನಾನೇ ಓಡಿಹೋದೆ. ಅವರು ಬಂದ್ರೋ ಇಲ್ವೋ ನನಗೆ ಗೊತ್ತಿಲ್ಲ. ಪಾಪ, ಅವರನ್ನ ಇದರಲ್ಲಿ ಎಳೀಬೇಡಿ."

"ನನ್ನ ಗಂಡನಿಗೆ ಪಾಪ ಅನ್ನೋಕೆ ನೀವ್ಯಾರು?"

ಅವಳು ಮತ್ತೆ ಬಟ್ಟೆ ಮಡಿಸಿದಳು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

"ಫಾದರ್ ಹತ್ರ ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ಕೆಲಸ ಹೋಗುತ್ತೆ ಅಕ್ಕ. ನನ್ನ ಬಿಟ್ರೆ ಮನೇಲಿ ದುಡಿಯೋರಿಲ್ಲ."

"ಬ್ರದರ್ ಪ್ರಾಣವೇ ಹೋಗೋ ಹಾಗಿದೆ."

ಕಣ್ಣೊರೆಸಿಕೊಂಡು ಎದ್ದಳು. "ಮುಖ ತೊಳ್ಕೊಂಡು ಬರ್ತೀನಿ. ಇಬ್ಬರೂ ಹೋಗೋಣ."

ಆಗಲಿ ಎಂದೆ. ಖಾಕಿಯಲ್ಲಿದ್ದಾಗ ಯಾವ ಆರೋಪಿಗೂ ಮುಖ ತೊಳೆಯಲು ಬಿಟ್ಟವಳಲ್ಲ ನಾನು.

ಅವಳು ಇಳಿದುಹೋದ ಮೇಲೆ ಮಂಡಿಯೂರಿ ಮೆಟ್ಟಿಲು ನೋಡಿದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಅಂಚಿಗೆ ಹೊಡೆದ ತಗಡು ಒಂದು ಕಡೆ ಮೇಲೆದ್ದಿತ್ತು. ಆ ತಗಡಿನ ಬಾಯಿಗೆ ಬಿಳಿ ಬಟ್ಟೆಯ ಎಳೆಗಳು ಸಿಕ್ಕಿಕೊಂಡಿದ್ದವು. ಬ್ರದರ್ ತೊಡುವುದು ಹಿಮ್ಮಡಿ ಮುಟ್ಟುವ ಬಿಳಿ ನಿಲುವಂಗಿ.

ತಳ್ಳಿದರೆ ಮನುಷ್ಯ ಹಿಮ್ಮುಖವಾಗಿ ಬೀಳುತ್ತಾನೆ. ಬ್ರದರಿಗೆ ಪೆಟ್ಟು ಬಿದ್ದದ್ದು ಹಣೆಗೆ. ಅಳುತ್ತ ಓಡಿದವಳ ಹಿಂದೆ, ಬೈಯಲೋ ಸಮಾಧಾನ ಮಾಡಲೋ, ಮುದುಕರು ದಡಬಡಿಸಿ ಇಳಿಯಹೋಗಿ ನಿಲುವಂಗಿ ಸಿಕ್ಕಿ ಎಡವಿರಬೇಕು. ಯಾರೂ ತಳ್ಳಿರಲಿಲ್ಲ.

ಇದು ಗೊತ್ತಾದಾಗ ನನ್ನ ಮನಸ್ಸು ಸ್ವಲ್ಪ ಸಪ್ಪಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ಕೆಲಸ ಕೆಲಸವೇ. ಹುಡುಗನ ಮಾತು, ಕೂಡಿದ ದಾರ, ತಗಡಿಗೆ ಸಿಕ್ಕ ಎಳೆ, ಇಷ್ಟನ್ನು ಫಾದರ್ ಮುಂದಿಟ್ಟರೆ ನಮ್ಮವರೂ ಉಳಿಯುತ್ತಾರೆ, ಅವಳೂ ಉಳಿಯುತ್ತಾಳೆ, ಶಾಲೆಯ ಮಾನವೂ ಉಳಿಯುತ್ತದೆ.

ಮೇಲೆದ್ದು ಸೊಂಟ ನೀವಿಕೊಳ್ಳುತ್ತ ದುಂಡು ಕಿಟಕಿಯಿಂದ ಹೊರಗೆ ನೋಡಿದೆ.

ಅವಳು ಮುಖ ತೊಳೆಯಲು ಹೋಗಿರಲಿಲ್ಲ. ಮೈದಾನದ ನಡುವೆ ನಿಂತಿದ್ದಳು. ಆಟ ತಾನಾಗಿಯೇ ನಿಂತು, ಹುಡುಗರು ಚೆಂಡು ಬಿಟ್ಟು ದೂರದಿಂದ ನೋಡುತ್ತಿದ್ದರು. ನಮ್ಮವರು ಅವಳೆದುರು ತಲೆ ಬಗ್ಗಿಸಿ ಕೇಳುತ್ತಿದ್ದರು. ನಾನು ಮಾತಾಡುವಾಗ ಅವರು ತಲೆ ಬಗ್ಗಿಸಿದ್ದು ನೆನಪಿಲ್ಲ. ಹೆಚ್ಚೆಂದರೆ ಪೇಪರನ್ನು ಮೂಗಿನ ಕೆಳಗೆ ಇಳಿಸುತ್ತಾರೆ.

ಅವಳು ಕುತ್ತಿಗೆ ಮುಟ್ಟಿ ತೋರಿಸಿದಳು. ಮುಖ ಮುಚ್ಚಿಕೊಂಡಳು. ನಮ್ಮವರು ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಗೆ ಕೊಟ್ಟರು.

ಬೆಳಿಗ್ಗೆ ನಾನು ಮಡಿಸಿ ಕೊಟ್ಟಿದ್ದ ಟವೆಲ್!

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಚಾಪೆಲ್ ಸುತ್ತಿ, ಅಂಗಳ ದಾಟಿ, ಉದ್ದನೆಯ ಮೊಗಸಾಲೆ ಹಿಡಿದು ಬಂದೆ. ದಾರಿಯಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡೆ. ಮೊದಲು ಫಾದರಿಗೆ ಎಲ್ಲ ಹೇಳಿ ಮುಗಿಸುವುದು. ಮನೆಯ ಲೆಕ್ಕಾಚಾರ ಮನೆಗೆ ಹೋಗಿ ನೋಡಿಕೊಳ್ಳುವುದು. ಹೀಗೆ ನಿರ್ಧರಿಸಿ ಬಾಗಿಲು ತಳ್ಳಿದೆ.

ಮೈದಾನದಿಂದ ಅಡ್ಡದಾರಿಯಿದೆಯೆಂದು ನನಗೆ ಹೊಳೆದಿರಲಿಲ್ಲ. ನಮ್ಮವರು ಆಗಲೇ ಒಳಗಿದ್ದರು. ಫಾದರ್ ಮೇಜಿನ ಎದುರು, ಶಿಕ್ಷೆಗೆ ಬಂದ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು. ಕುತ್ತಿಗೆಯಲ್ಲಿ ಸೀಟಿ ಇರಲಿಲ್ಲ, ಲೇಸೂ ಇರಲಿಲ್ಲ.

"ನೀವೂ ಕೇಳಿಬಿಡಿ," ಎಂದರು ಫಾದರ್. ಅವರ ಮುಖ ಬಿಳುಚಿಕೊಂಡಿತ್ತು. "ಇನ್ನೊಂದು ಸಲ ಹೇಳಿ ಮೇಷ್ಟ್ರೇ."

"ನಾನೇ ಫಾದರ್," ಎಂದರು ನಮ್ಮವರು. ನನ್ನ ಕಡೆ ನೋಡಲಿಲ್ಲ. "ನಿನ್ನೆ ಅಟ್ಟಕ್ಕೆ ಹೋಗಿದ್ದೆ. ಬ್ರದರಿಗೂ ನನಗೂ ಮಾತಿಗೆ ಮಾತು ಬೆಳೀತು. ನನ್ನ ಸೀಟಿಯ ದಾರ ಹಿಡ್ಕೊಂಡ್ರು, ಕಪ್ಪು ದಾರ. ಅದು ಕಿತ್ತುಹೋಯ್ತು. ಕೋಪ ಬಂತು, ತಳ್ಳಿಬಿಟ್ಟೆ. ಅಲ್ಲಿ ಬೇರೆ ಯಾರೂ ಇರಲಿಲ್ಲ."

ಒಂದು ಕಡೆಯೂ ತಡವರಿಸಲಿಲ್ಲ. ಕಿವಿ ಕೆಂಪಾಗಲಿಲ್ಲ. ಬೇಡದ ನೆಂಟರಿಗೆ ಒಂದು ಸಣ್ಣ ಸುಳ್ಳು ಹೇಳಲಾರದ ನನ್ನ ಗಂಡ, ತಮ್ಮ ಕೆಲಸ, ಮಾನ, ನನ್ನ ಬಾಳು ಎಲ್ಲವನ್ನೂ ಮುಳುಗಿಸುವ ಸುಳ್ಳನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು. ದಾರ ಕಪ್ಪೆಂದು ನಾನು ಹೇಳಿರಲಿಲ್ಲ. ಅವಳು ಹೇಳಿದ್ದಳು.

"ಜಗಳ ಯಾತಕ್ಕೆ?" ಫಾದರ್ ಕೇಳಿದರು.

"ಅದು ಬೇಡ ಫಾದರ್."

ಫಾದರ್ ನನ್ನ ಕಡೆ ತಿರುಗಿದರು. "ನೀವು ಓಡಿ ಬಂದಿದ್ದೀರಿ. ಏನೋ ಸಿಕ್ಕಿರೋ ಹಾಗಿದೆ. ಇವರ ಮಾತು ನನಗೆ ಯಾಕೋ ಒಪ್ಪಿಗೆಯಾಗ್ತಿಲ್ಲ. ಹೇಳಿ ಅಮ್ಮಾ, ಏನಾದ್ರೂ ಇದ್ರೆ ಈಗಲೇ ಹೇಳಿ."

ಬಾಯಿ ತೆರೆದೆ. ಮೇಲಿನ ಮೆಟ್ಟಿಲು ನೋಡಿ ಬನ್ನಿ ಫಾದರ್, ಎಂದರೆ ಸಾಕಿತ್ತು. ಅಷ್ಟಕ್ಕೇ ಎಲ್ಲರೂ ಉಳಿಯುತ್ತಿದ್ದರು.

ಆಗ ನಮ್ಮವರು ನನ್ನನ್ನು ನೋಡಿದರು. ಹೇಳಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡರು. ಮದುವೆಯಾದಾಗಿನಿಂದ ನನ್ನ ಹತ್ತಿರ ಒಂದು ಲೋಟ ನೀರನ್ನೂ ಬೇಡಿದವರಲ್ಲ, ತಾವೇ ಎದ್ದು ಹೋಗಿ ಕುಡಿಯುವವರು. ಮೊದಲ ಸಲ ಬೇಡಿದ್ದು ಅವಳಿಗಾಗಿ.

ಹೊರಗೆ ಶಾಲೆ ಬಿಡುವ ಗಂಟೆ ಹೊಡೆಯಿತು. ಹುಡುಗರ ಹುಯಿಲು ಮೊಗಸಾಲೆ ತುಂಬಿತು.

ಅವರೇ ನಿಜವಾಗಿ ತಳ್ಳಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ದೇವರೇ! ಜೈಲಿಗೆ ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದೆ. ಕೊಲೆಗಡುಕನಾದರೂ ನನ್ನ ಗಂಡ ಎನ್ನುತ್ತಿದ್ದೆ.

"ಇಲ್ಲ ಫಾದರ್," ಎಂದೆ. "ನನಗೇನೂ ಸಿಗಲಿಲ್ಲ."

ನಮ್ಮವರ ಹೆಗಲು ಇಳಿಯಿತು. ನನ್ನನ್ನು ನೋಡಿ ನಕ್ಕರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಫಾದರ್ ಫೋನ್ ಎತ್ತಿಕೊಂಡರು.